ರಂಗಮಂಚದಿಂದ ಬಾನುಲಿಗೆ: ಕಿವಿಗಾಗಿ ಕಟ್ಟುವ ನಾಟಕ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳ ಸಭೆಯಲ್ಲಿ ಬಂದ ಸಲಹೆ ನಿಮಗೆಲ್ಲ ನೆನಪಿರಬೇಕು. ಸಭಾಂಗಣದ ಬಾಡಿಗೆ ಏರಿದೆ, ವಾರ್ಷಿಕೋತ್ಸವದ ಕಾರ್ಯಕ್ರಮಗಳೂ ಹೆಚ್ಚಾಗಿವೆ. ಮಹಿಳಾ ವೇದಿಕೆಯವರು ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಕೂತು ಧ್ವನಿ ನಾಟಕ ಮಾಡಿದ್ದರಲ್ಲ, ಈ ವರ್ಷವೂ ಹಾಗೇ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿಬಿಡಲಿ ಎಂಬುದು ಆ ಸಲಹೆ. ಕೆಲವರು ಒಳ್ಳೆಯದೇ ಆಯಿತು ಅಂದರು. ಇನ್ನು ಕೆಲವರು, ನಾಟಕ ಅಂದರೆ ನೋಡುವುದು, ಕೇಳುವುದಲ್ಲ ಅಂದರು. ಆ ರೆಕಾರ್ಡಿಂಗ್ ಕೆಲಸ ನೋಡಿಕೊಂಡವಳು ನಾನಾದ್ದರಿಂದ ಈ ವಿಷಯದ ಮೇಲೆ ಮಾತಾಡಲು ನನಗೆ ಹೇಳಿದ್ದಾರೆ.

ನನ್ನ ಅಭಿಪ್ರಾಯ ಕೊನೆಗೆ ಹೇಳುತ್ತೇನೆ. ಮೊದಲು ಈ ಬಾನುಲಿ ನಾಟಕ ಎಂಬುದು ಏನು, ರಂಗದ ನಾಟಕ ಅಲ್ಲಿಗೆ ಹೋದಾಗ ಏನಾಗುತ್ತದೆ ಎಂದು ನೋಡೋಣ.

ರೇಡಿಯೋ ಹುಟ್ಟಿದ ಹೊಸದರಲ್ಲಿ ಅದಕ್ಕೆಂದೇ ಬರೆದ ನಾಟಕಗಳಿರಲಿಲ್ಲ. ಬಿಬಿಸಿ 1923ರಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಪ್ರಸಾರ ಮಾಡಿತು. ಅಂದರೆ ಶುರುವಾದದ್ದೇ ರಂಗದ ನಾಟಕವನ್ನು ಮೈಕಿನ ಮುಂದೆ ತಂದು ನಿಲ್ಲಿಸುವುದರಿಂದ. ಮರುವರ್ಷ, 1924ರ ಜನವರಿಯಲ್ಲಿ, ರಿಚರ್ಡ್ ಹ್ಯೂಸ್ ಎಂಬ ಲೇಖಕ ರೇಡಿಯೋಗೆಂದೇ 'ಡೇಂಜರ್' ಎಂಬ ಚಿಕ್ಕ ನಾಟಕ ಬರೆದ. ಅದು ನಡೆಯುವುದು ಕಲ್ಲಿದ್ದಲ ಗಣಿಯೊಳಗೆ, ದೀಪ ಆರಿಹೋದ ಕತ್ತಲಲ್ಲಿ. ಪಾತ್ರಗಳಿಗೂ ಏನೂ ಕಾಣದು, ಕೇಳುಗರಿಗೂ ಕಾಣದು. ಈ ಮಾಧ್ಯಮದ ಕೊರತೆಯನ್ನೇ ಅವನು ನಾಟಕದ ವಸ್ತು ಮಾಡಿಕೊಂಡ.

ನಮ್ಮಲ್ಲಿ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರುಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನೇ ತೆಗೆದುಕೊಂಡಿತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಆರಂಭವಾದವು. ನಮ್ಮ ಅಮ್ಮ, ಅಜ್ಜಿಯರ ಕಾಲದಲ್ಲಿ ಊರಿಗೆ ಕಂಪನಿ ನಾಟಕ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ರೇಡಿಯೋ ನಾಟಕ ಹಾಗಲ್ಲ, ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಲೇ ಕೇಳಬಹುದಿತ್ತು. ಪುಣೆಯಲ್ಲಿರುವ ನಮಗೆ ಮರಾಠಿ ಮನೆಗಳ ನೆನಪುಗಳೂ ಪರಿಚಿತ. ಅವರು ಇದನ್ನು 'ಶ್ರುತಿಕಾ' ಅನ್ನುತ್ತಾರೆ, 'ನಭೋನಾಟ್ಯ' ಅಂತಲೂ ಅನ್ನುತ್ತಾರೆ. ವಿವಿಧ ಭಾರತಿಯ 'ಹವಾಮಹಲ್' ಕೇಳಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ.

ಆದರೆ ಮಾತಿನಲ್ಲೇ ನಾಟಕ ಕಟ್ಟುವುದನ್ನು ಕನ್ನಡಿಗರಿಗೆ ರೇಡಿಯೋ ಬಂದು ಕಲಿಸಬೇಕಾಗಿರಲಿಲ್ಲ. ಕರಾವಳಿಯಿಂದ ಬಂದ ನಮ್ಮ ಸದಸ್ಯೆಯರಿಗೆ ತಾಳಮದ್ದಳೆ ಗೊತ್ತು. ಯಕ್ಷಗಾನದಲ್ಲಿ ವೇಷ, ಕಿರೀಟ, ಕುಣಿತ ಎಲ್ಲ ಇಟ್ಟು ಆಡುವ ಅದೇ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಕೂತೇ ಆಡುತ್ತಾರೆ. ಭಾಗವತರ ಹಾಡು, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಅಷ್ಟೇ. ಪಂಚೆ ಉಟ್ಟು ಶಾಲು ಹೊದ್ದು ಕೂತ ಮನುಷ್ಯ ಎರಡು ಮಾತು ಆಡುವಷ್ಟರಲ್ಲಿ ಕರ್ಣನಾಗುತ್ತಾನೆ. ಗಮಕವೂ ಹಾಗೆಯೇ. ಒಬ್ಬರು ಕುಮಾರವ್ಯಾಸನನ್ನು ವಾಚಿಸುತ್ತಾರೆ, ಒಬ್ಬರು ವ್ಯಾಖ್ಯಾನ ಮಾಡುತ್ತಾರೆ, ಕುರುಕ್ಷೇತ್ರ ನಮ್ಮ ಕಣ್ಣೆದುರು ಬರುತ್ತದೆ. ಮಹಾಭಾರತದಲ್ಲಿ ಇಡೀ ಯುದ್ಧವನ್ನು ಸಂಜಯನ ಬಾಯಿಂದ ಕೇಳಿದವನು ಕುರುಡು ದೊರೆ. ಧೃತರಾಷ್ಟ್ರನೇ ಮೊದಲ ರೇಡಿಯೋ ಶ್ರೋತೃ ಎಂದು ನಮ್ಮ ಗುಂಪಿನಲ್ಲಿ ತಮಾಷೆ ಮಾಡುತ್ತಿರುತ್ತೇವೆ.

ಆ ತಮಾಷೆಗೆ ಒಂದು ಗಂಭೀರ ಮುಖವೂ ಇದೆ. ಕುರುಕ್ಷೇತ್ರದ ಕೊನೆಯ ದಿನದ ಬಗ್ಗೆ ಧರ್ಮವೀರ ಭಾರತಿ ಹಿಂದಿಯಲ್ಲಿ ಬರೆದ 'ಅಂಧಾ ಯುಗ್' ಮೊದಲು ಜನರ ಗಮನ ಸೆಳೆದದ್ದು ಅಲಹಾಬಾದ್ ಆಕಾಶವಾಣಿಯ ನಾಟಕವಾಗಿ. 1962ರಲ್ಲಿ ಸತ್ಯದೇವ್ ದುಬೆ ಅದನ್ನು ಮುಂಬೈಯಲ್ಲಿ ರಂಗಕ್ಕೆ ತಂದರು. ಗಿರೀಶ್ ಕಾರ್ನಾಡರ 'ಟಿಪ್ಪುವಿನ ಕನಸುಗಳು' ಕೂಡ ಸ್ವಾತಂತ್ರ್ಯದ 50ನೇ ವರ್ಷಕ್ಕೆಂದು ಬಿಬಿಸಿ ರೇಡಿಯೋ ಬರೆಸಿದ್ದು, ಆಮೇಲೆ ರಂಗಕ್ಕೆ ಬಂತು. ಅಂದರೆ ದಾರಿ ಎರಡೂ ಕಡೆಗೆ ಇದೆ. ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ ಮಾತ್ರ ತಮ್ಮ 'ಆಲ್ ದಟ್ ಫಾಲ್' ಎಂಬ ರೇಡಿಯೋ ನಾಟಕವನ್ನು ರಂಗಕ್ಕೆ ತರಲು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಅದು ಕತ್ತಲಿಂದ ಬರಬೇಕಾದ ಧ್ವನಿಗಳ ನಾಟಕ ಎಂಬುದು ಅವರ ಹಟ. ಆದ್ದರಿಂದ ಬಾನುಲಿ ನಾಟಕ ಎಂದರೆ ದುಡ್ಡಿಲ್ಲದವರ ರಂಗಭೂಮಿ ಎಂದು ತಿಳಿಯಬೇಡಿ. ಅದಕ್ಕೆ ಅದರದೇ ಕಾಯಿದೆ ಇದೆ.

ಆ ಕಾಯಿದೆ ಏನು? ರಂಗದ ನಾಟಕವನ್ನು ಹಾಗೆಯೇ ಓದಿ ರೆಕಾರ್ಡ್ ಮಾಡಿದರೆ ಹತ್ತು ನಿಮಿಷದಲ್ಲಿ ಕೇಳುವವರಿಗೆ ತಲೆ ಕೆಡುತ್ತದೆ. ಮೊದಲ ತೊಂದರೆ, ಯಾರು ಬಂದರು, ಯಾರು ಹೋದರು ಎಂಬುದು. ರಂಗದ ಮೇಲೆ ಒಬ್ಬಳು ಸುಮ್ಮನೆ ಬಾಗಿಲಲ್ಲಿ ನಿಂತರೂ ಅವಳು ಇದ್ದಾಳೆ. ರೇಡಿಯೋದಲ್ಲಿ ಮಾತಾಡದವರು ಇಲ್ಲವೇ ಇಲ್ಲ. ಹಾಗಾಗಿ ಹೊಸಬರು ಬಂದಾಗ ಯಾರಾದರೂ ಹೆಸರು ಹಿಡಿದು ಕರೆಯಬೇಕು, ಅದೂ ಸಹಜವಾಗಿ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಅನುಕೂಲವಿದೆ. ಅತ್ತೆ, ಭಾವ, ಅಣ್ಣಯ್ಯ, ಚಿಕ್ಕಮ್ಮ ಅಂತ ಕರೆದರೆ ಸಾಕು, ಸಂಬಂಧವೂ ಗೊತ್ತಾಯಿತು, ಗೌರವವೂ ಗೊತ್ತಾಯಿತು.

ಎರಡನೆಯದು ಧ್ವನಿಗಳ ಸಂಖ್ಯೆ. ಒಂದೇ ವಯಸ್ಸಿನ, ಒಂದೇ ಬಗೆಯ ಐದು ಧ್ವನಿಗಳು ಒಟ್ಟಿಗೆ ಬಂದರೆ ಕಿವಿಗೆ ಗುರುತು ಸಿಗುವುದಿಲ್ಲ. ಒಂದು ದೃಶ್ಯದಲ್ಲಿ ಮೂರು ನಾಲ್ಕು ಧ್ವನಿ ಸಾಕು, ಅವೂ ಒಂದಕ್ಕಿಂತ ಒಂದು ಬೇರೆ ಇರಬೇಕು. ಪಾತ್ರ ಹಂಚುವಾಗ ಮುಖ, ಎತ್ತರ, ಬಣ್ಣ ಯಾವುದೂ ಲೆಕ್ಕಕ್ಕಿಲ್ಲ. ಮೂರನೆಯದು ದೂರ. ಸ್ಟುಡಿಯೋದಲ್ಲಿ ನಟಿ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಮಾತಾಡಿದರೆ ಕೇಳುಗರಿಗೆ ಅವಳು ಹಿತ್ತಲಿನಿಂದ ಕೂಗಿದಂತೆ. ಮೈಕಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ಅದು ಅವಳ ಮನಸ್ಸಿನ ಮಾತು. ರಂಗದ ಮೇಲೆ ಸ್ವಗತವನ್ನೂ ಕೊನೇ ಸಾಲಿನ ತನಕ ಕೇಳಿಸುವಂತೆ ಕೂಗಬೇಕು. ಇಲ್ಲಿ ಆ ಕಷ್ಟವಿಲ್ಲ.

ನಾಲ್ಕನೆಯದು ಸದ್ದುಗಳು. ತೆಂಗಿನ ಕರಟ ಬಡಿದು ಕುದುರೆ ಓಡಿಸುವುದು, ಪ್ಲಾಸ್ಟಿಕ್ ಹಾಳೆ ಮುದುರಿ ಬೆಂಕಿ ಉರಿಸುವುದು ನೀವು ಕೇಳಿರುತ್ತೀರಿ. ಆದರೆ ಸದ್ದು ಮಿತಿಯಲ್ಲಿರಬೇಕು. ಅಡುಗೆಮನೆ ಎಂದು ತೋರಿಸಲು ಒಂದು ಒಗ್ಗರಣೆ ಚಟಪಟ ಸಾಕು. ಕುಕ್ಕರ್, ಮಿಕ್ಸಿ, ನಲ್ಲಿ ಎಲ್ಲ ಸೇರಿಸಿದರೆ ಮಾತು ಮುಳುಗುತ್ತದೆ. ಇನ್ನು ಮೌನ. ರಂಗದ ಮೇಲೆ ಅರ್ಧ ನಿಮಿಷ ಮೌನ ಇಟ್ಟರೆ ಪ್ರೇಕ್ಷಕರು ನಟಿಯ ಮುಖ ನೋಡುತ್ತಾರೆ. ರೇಡಿಯೋದಲ್ಲಿ ಅರ್ಧ ನಿಮಿಷ ಏನೂ ಕೇಳಿಸದಿದ್ದರೆ ಸೆಟ್ ಕೆಟ್ಟಿತೆಂದು ತಟ್ಟಿ ನೋಡುತ್ತಾರೆ. ಅಲ್ಲಿ ಮೌನಕ್ಕೂ ಒಂದು ಸದ್ದು ಬೇಕು. ಗೋಡೆ ಗಡಿಯಾರವೋ, ದೂರದ ನಾಯಿಯೋ, ಒಂದು ನಿಟ್ಟುಸಿರೋ ಸಾಕು.

ನಮಗೆ ಗೊತ್ತಿರುವ ನಾಟಕಗಳನ್ನೇ ತೆಗೆದುಕೊಳ್ಳಿ. ಕಾರ್ನಾಡರ 'ತುಘಲಕ್' 1964ರದು. ಅದರಲ್ಲಿ ಸುಲ್ತಾನನ ಆಜ್ಞೆಗಳನ್ನು ಸಾರುವವನು ಬರುತ್ತಾನೆ, ಕೊನೆಗೆ ಆಜಾನ್ ಕೇಳಿಸುತ್ತದೆ. ಇವೆರಡೂ ಕಿವಿಗೆ ಹೇಳಿ ಮಾಡಿಸಿದ್ದು. ಆದರೆ ಸುಲ್ತಾನ ಚದುರಂಗದ ಮುಂದೆ ಕೂತ ದೃಶ್ಯ? ರಂಗದಲ್ಲಿ ಅದು ಒಂದು ಚಿತ್ರ. ಬಾನುಲಿಯಲ್ಲಿ ಕಾಯಿ ಇಡುವ ಟಕ್ ಎಂಬ ಸದ್ದು ಮಾತ್ರ ಉಳಿಯುತ್ತದೆ. ಆ ಸದ್ದನ್ನು ಮಾತಿನ ನಡುವೆ ಸರಿಯಾದ ಜಾಗದಲ್ಲಿ ಇಟ್ಟರೆ ಚಿತ್ರದಷ್ಟೇ ಕೆಲಸ ಮಾಡುತ್ತದೆ.

'ನಾಗಮಂಡಲ'ದಲ್ಲಿ ದೀಪದ ಜ್ವಾಲೆಗಳು ರಾತ್ರಿ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ರಂಗದಲ್ಲಿ ನಟಿಯರನ್ನು ಜ್ವಾಲೆಗಳೆಂದು ನಂಬಿಸಲು ನಿರ್ದೇಶಕರು ಬಟ್ಟೆ, ಬೆಳಕು, ಚಲನೆ ಎಲ್ಲ ಹುಡುಕಬೇಕು. ಬಾನುಲಿಯಲ್ಲಿ ನಗುವ ನಾಲ್ಕು ಹೆಣ್ಣು ಧ್ವನಿಗಳಿದ್ದರೆ ಸಾಕು. ಅದೇ ನಾಟಕದಲ್ಲಿ ಗಂಡ ಅಪ್ಪಣ್ಣನ ರೂಪದಲ್ಲಿ ರಾತ್ರಿ ನಾಗ ಬರುತ್ತಾನೆ. ಎರಡಕ್ಕೂ ಒಂದೇ ಧ್ವನಿ ಇದ್ದರೆ ಮಾತ್ರ ರಾಣಿ ಮೋಸಹೋದದ್ದು ನಂಬಲರ್ಹ. ಆದರೆ ಕೇಳುಗರಿಗೆ ವ್ಯತ್ಯಾಸ ಗೊತ್ತಾಗಬೇಕು. ಹಗಲಿನ ಧ್ವನಿಯಲ್ಲಿ ಗದರಿಕೆ, ರಾತ್ರಿಯ ಧ್ವನಿಯಲ್ಲಿ ಮೃದುತನ. ಗಂಡನ ಧ್ವನಿಯಲ್ಲಿ ಮೃದುತನ ಕೇಳಿದ್ದೇ ಯಾರೋ ಬೇರೆ ಅಂತ ನಮಗೆ ಗೊತ್ತಾಗುತ್ತದಲ್ಲ, ಅದು ಎಂಥ ಮಾತು ಎಂದು ಯೋಚಿಸಿ ನೋಡಿ!

'ಹಯವದನ' ಇನ್ನೂ ಕಷ್ಟದ ಪ್ರಶ್ನೆ. ಪದ್ಮಿನಿ ಗಾಬರಿಯಲ್ಲಿ ದೇವದತ್ತನ ತಲೆಯನ್ನು ಕಪಿಲನ ದೇಹಕ್ಕೆ, ಕಪಿಲನ ತಲೆಯನ್ನು ದೇವದತ್ತನ ದೇಹಕ್ಕೆ ಇಡುತ್ತಾಳೆ. ರಂಗದಲ್ಲಿ ನಟರು ಮುಖವಾಡ ಅದಲುಬದಲು ಮಾಡಿಕೊಂಡರೆ ಮುಗಿಯಿತು. ಬಾನುಲಿಯಲ್ಲಿ ಧ್ವನಿ ಯಾರ ಜೊತೆ ಹೋಗಬೇಕು? ನಾಲಿಗೆ ತಲೆಯಲ್ಲಿದೆ, ಉಸಿರು ದೇಹದಲ್ಲಿದೆ, ಕತ್ತಿ ಬಿದ್ದದ್ದು ನಡುವೆ ಗಂಟಲಿಗೇ. ನಾಟಕ ಕೇಳುವುದೂ ಇದನ್ನೇ ಅಲ್ಲವೇ, ಮನುಷ್ಯ ಅಂದರೆ ತಲೆಯೋ, ದೇಹವೋ ಎಂದು? ನಮ್ಮ ಗುಂಪಿನಲ್ಲಿ ಒಂದು ಸಂಜೆ ಪೂರ್ತಿ ಈ ಚರ್ಚೆ ನಡೆಯಿತು. ಧ್ವನಿ ತಲೆಯ ಜೊತೆ ಹೋಗಲಿ, ಆದರೆ ಮೊದಮೊದಲು ಉಸಿರಾಟ ಬೇರೆಯವನದಿರಲಿ, ಬರಬರುತ್ತ ಹಳೆಯ ಉಸಿರು ಮರಳಲಿ ಎಂದು ಒಬ್ಬ ಸದಸ್ಯೆ ಸೂಚಿಸಿದರು. ನಾಟಕದಲ್ಲೂ ದೇಹಗಳು ನಿಧಾನವಾಗಿ ತಲೆಗೆ ತಕ್ಕಂತೆ ಬದಲಾಗುತ್ತವೆ. ಎಂದೂ ರಂಗ ಹತ್ತದ ಗೃಹಿಣಿಯೊಬ್ಬರು ಕೊಟ್ಟ ಸಲಹೆ ಅದು.

ಈಗ ನಮ್ಮ ಪ್ರಯೋಗಕ್ಕೆ ಬರುತ್ತೇನೆ. ನಾವು ಆರಿಸಿಕೊಂಡದ್ದು ಟಿ.ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ'. ಪರೀಕ್ಷೆಯಲ್ಲಿ ಗಟ್ಟಿಯಾದ ಒಬ್ಬ ಮಗ, ಮನೆಮಂದಿಗೆ ಆಗಿಬರುವ ಇನ್ನೊಬ್ಬ ಮಗ, ಯಾರು ಟೊಳ್ಳು ಯಾರು ಗಟ್ಟಿ ಎಂಬ ಪ್ರಶ್ನೆ. ಕೋಟಾ, ಪ್ಯಾಕೇಜ್ ಅಂತ ಓಡುವ ನಮ್ಮ ಮನೆಗಳಿಗೆ ಈಗಲೂ ತಾಗುವ ನಾಟಕ. ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು. ನಾಟಕಗಳನ್ನು ಕೂತು ಬರೆಯುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳುತ್ತಿದ್ದರು, ಹತ್ತಿರದವರು ಬರೆದುಕೊಳ್ಳುತ್ತಿದ್ದರು. ಬಾಯಿಂದ ಹುಟ್ಟಿದ ನಾಟಕ ಆದ್ದರಿಂದ ಅದು ಪುಸ್ತಕದಲ್ಲಿ ಓದಲು ತೊಡಕು, ಗಟ್ಟಿಯಾಗಿ ಆಡಿದರೆ ಸಲೀಸು. ನುಂಗಿದ ಅಕ್ಷರಗಳು, ಇಂಗ್ಲಿಷ್ ಬೆರೆಸಿದ ಕನ್ನಡ ಎಲ್ಲ ಕಿವಿಗೇ ಅರ್ಥವಾಗುವುದು.

ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿ ಒಟ್ಟಿಗೆ ಆಡೋಣ ಎಂದು ಹಲವರು ಹೇಳಿದರು. ಅದು ಆಗುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಲು ಸೆಕೆಂಡಿನ ಒಂದು ಪಾಲು ತಡವಾಗುತ್ತದೆ. ಮಾಮೂಲು ಮಾತಿಗೆ ಪರವಾಗಿಲ್ಲ, ಆದರೆ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕುವ ಕೈಲಾಸಂ ಸಂಭಾಷಣೆಗೆ ಆ ತಡ ವಿಷ. ಆದ್ದರಿಂದ ಕಾಲ್‌ನಲ್ಲಿ ತಾಲೀಮು ಮಾತ್ರ ಮಾಡಿದೆವು. ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ತಮ್ಮ ಮಾತು ರೆಕಾರ್ಡ್ ಮಾಡಿ ಕಳಿಸಿದರು. ನಾನು ಕಂಪ್ಯೂಟರಿನಲ್ಲಿ ಜೋಡಿಸಿದೆ.

ಸ್ಟುಡಿಯೋ ಎಲ್ಲಿಂದ ತರುವುದು? ಬರಿಯ ಗೋಡೆಗಳಿರುವ ಕೋಣೆಯಲ್ಲಿ ಧ್ವನಿ ಮಾರ್ದನಿಸುತ್ತದೆ. ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೊಳಗೆ ಮುಖ ಮಾಡಿ ಮಾತಾಡಿ ಎಂದು ಹೇಳಿದೆ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ಧ್ವನಿ ಸ್ವಚ್ಛವಾಗಿ ಬರುತ್ತದೆ. ಮದುವೆ ಸೀರೆಗಳು ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂದವು ಎಂದು ಒಬ್ಬರು ಅಂದರು. ಫ್ಯಾನ್ ಆರಿಸಿ, ಪುಟ ಮಗುಚಬೇಡಿ, ಎರಡು ಸಲ ಹೇಳಿ ಕಳಿಸಿ, ಇಷ್ಟೇ ನಿಯಮ.

ಇನ್ನೊಂದು ವಿಷಯ ಎಲ್ಲರಿಗೂ ಉಪಯೋಗವಾಗಬಹುದು. ಕಾಲ್ ಮಾಡುವ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಅದು ಮನುಷ್ಯರ ಮಾತನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಸ ಎಂದು ಗುಡಿಸಿಬಿಡುತ್ತದೆ. ನಾವು ಬೇಕೆಂದೇ ಹಾಕಿದ ಬಳೆ ಸದ್ದು, ಸೌಟಿನ ಸದ್ದು, ಅಮ್ಮನ ನಿಟ್ಟುಸಿರು ಎಲ್ಲ ತಾಲೀಮಿನಲ್ಲಿ ಮಾಯ. ಧ್ವನಿ ನಾಟಕಕ್ಕೆ ಆ ವ್ಯವಸ್ಥೆಯನ್ನು ಆರಿಸಿಯೇ ಕೆಲಸ ಶುರುಮಾಡಬೇಕು. ಮನೆಯಲ್ಲಿ ಹೆಂಗಸಿನ ಕೆಲಸದ ಸದ್ದನ್ನು ಯಂತ್ರವೂ ಗದ್ದಲ ಅಂದುಕೊಂಡಿದೆ ಎಂದು ನಾವು ನಕ್ಕೆವು.

ಮಕ್ಕಳ ಭಾಗ ಹೇಳಲೇಬೇಕು. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ದೇವನಾಗರಿಯಲ್ಲಿ ಬರೆದುಕೊಟ್ಟೆವು. ಪುಣೆಯ ಮಕ್ಕಳಿಗೆ ಳ, ಣ ಕಷ್ಟವಲ್ಲ, ಮರಾಠಿಯಲ್ಲಿ ಅವೆರಡೂ ಇವೆ. ತೊಡಕಾದದ್ದು ಎ ಮತ್ತು ಏ, ಒ ಮತ್ತು ಓ. ಮರಾಠಿಯಲ್ಲಿ ಆ ಭೇದವಿಲ್ಲ, ನಾಗರಿಯಲ್ಲಿ ಅವರು ಕಲಿತ ಅಕ್ಷರವೂ ಒಂದೇ. ಹೀಗಾಗಿ 'ಬೆಳೆ' ಓದಿದರೆ 'ಬೇಳೆ', 'ಕೊಡು' ಓದಿದರೆ 'ಕೋಡು'. ಕಣ್ಣಿಂದ ತಿದ್ದಲಾಗದ್ದನ್ನು ಕಿವಿಯಿಂದ ತಿದ್ದಿದೆವು. ಹಿರಿಯರು ಹೇಳಿ ಕಳಿಸಿದ್ದನ್ನು ಕೇಳಿ ಕೇಳಿ ಹುಡುಗರು ಒಪ್ಪಿಸಿದರು. ಎರಡು ತಿಂಗಳಲ್ಲಿ ಆ ಐದು ಮಕ್ಕಳ ಕನ್ನಡ ಎಷ್ಟು ಹದವಾಯಿತು ಎಂಬುದಕ್ಕೆ ಅವರ ಅಜ್ಜಿಯರೇ ಸಾಕ್ಷಿ.

ಹಾಗೆಯೇ ನಮ್ಮ ನಮ್ಮ ಕನ್ನಡದ ಪ್ರಶ್ನೆಯೂ ಬಂತು. ನಮ್ಮಲ್ಲಿ ಧಾರವಾಡದವರು, ಮಂಗಳೂರಿನವರು, ಕಲಬುರಗಿಯವರು, ಮೈಸೂರಿನವರು ಎಲ್ಲ ಇದ್ದೇವೆ. ವೇಷ ಭೂಷಣ ಇಲ್ಲದ ನಾಟಕದಲ್ಲಿ ಮಾತಿನ ಧಾಟಿಯೇ ವೇಷ. ಕೈಲಾಸಂ ನಾಟಕಕ್ಕೆ ಹಳೆ ಮೈಸೂರಿನ ಮಾತೇ ಇರಲಿ ಎಂದು ಎಲ್ಲರೂ ಅದನ್ನು ಕಲಿತರು. ಧಾರವಾಡದ ಅಕ್ಕನವರು ಮಾತ್ರ, ಮುಂದಿನ ಸಲ ನಮ್ಮ ಕಡೀ ಮಾತಿನ ನಾಟಕ ಮಾಡ್ರಿ, ಮೈಸೂರಿನವರು ಕಲೀಲಿ ಎಂದು ಷರತ್ತು ಹಾಕಿದ್ದಾರೆ. ಬೇಂದ್ರೆಯವರ 'ಸಾಯೋ ಆಟ' ಅವರ ಮನಸ್ಸಿನಲ್ಲಿದೆ. ಷರತ್ತು ನ್ಯಾಯವಾದದ್ದೇ.

ಆ ನಾಟಕದಲ್ಲಿ ಭಾಗವಹಿಸಿದ 11 ಮಂದಿಯಲ್ಲಿ ಏಳು ಜನ ಅದುವರೆಗೆ ರಂಗ ಹತ್ತಿದವರಲ್ಲ. ಒಬ್ಬರಿಗೆ ಮಂಡಿ ನೋವು, ನಿಲ್ಲಲಾಗದು. ಒಬ್ಬರಿಗೆ ಕಣ್ಣು ಮಂಜು, ಮೊಮ್ಮಗಳು ಹೇಳಿಕೊಟ್ಟ ಮಾತನ್ನು ಬಾಯಿಪಾಠ ಮಾಡಿದರು. ಇಬ್ಬರಿಗೆ ಸಂಜೆ ಏಳರ ತಾಲೀಮಿಗೆ ಮನೆ ಬಿಟ್ಟು ಬರುವುದು ಸಾಧ್ಯವಿಲ್ಲ. ಒಬ್ಬರು ನನಗೆ ಹೇಳಿದರು: "ನಾಟಕ ಅಂದ್ರೆ ನಮ್ಮನೇಲಿ ಬೇಡ ಅಂತಾರೆ. ಇದಾದ್ರೆ ಯಾರಿಗೂ ಗೊತ್ತಾಗಲ್ಲ, ಕಪಾಟಿನೊಳಗೆ ಮುಖ ಇಟ್ಟು ಮಾತಾಡಿದ್ರೆ ಆಯ್ತು."

ಗೆಳತಿಯರೇ, ಆ ಮಾತು ನನಗೆ ಎರಡು ರೀತಿ ಕೇಳಿಸಿತು. ಹಿಂದೆ ಹವ್ಯಾಸಿ ತಂಡಗಳಲ್ಲಿ ಹೆಣ್ಣು ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದರು. ಮನೆತನಸ್ಥ ಹೆಂಗಸು ರಂಗದ ಮೇಲೆ ನಿಲ್ಲುವುದು ಸರಿಯಲ್ಲ ಎಂಬ ಕಾಲ. ಮುಖ ಕಾಣದ ಮೈಕು ಅನೇಕ ಹೆಣ್ಣುಮಕ್ಕಳಿಗೆ ದಾರಿ ಮಾಡಿಕೊಟ್ಟಿತು. ಅದು ದೊಡ್ಡ ಉಪಕಾರ. ಆದರೆ ಅದೇ ಮೈಕು ಇವತ್ತು ನಮ್ಮನ್ನು ಮತ್ತೆ ಒಳಮನೆಗೆ ಕಳಿಸುವ ನೆಪ ಆಗಬಾರದು. ಗಂಡಸರ ನಾಟಕಕ್ಕೆ ಸಭಾಂಗಣ, ಹೆಂಗಸರ ನಾಟಕಕ್ಕೆ ಕಪಾಟು ಅಂದರೆ ನಾನು ಒಪ್ಪುವುದಿಲ್ಲ. ಸಲಹೆ ಕೊಟ್ಟವರ ಮನಸ್ಸಿನಲ್ಲಿ ಆ ಉದ್ದೇಶ ಇರಲಿಲ್ಲ ಎಂದು ನನಗೆ ಗೊತ್ತು. ಲೆಕ್ಕದ ಪುಸ್ತಕ ನೋಡಿ ಹೇಳಿದರು. ಆದರೆ ಖರ್ಚು ಉಳಿಸಬೇಕಾದಾಗ ಮೊದಲು ಯಾರ ಅರ್ಧ ಗಂಟೆಗೆ ಕತ್ತರಿ ಬೀಳುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇದು. ವಾರ್ಷಿಕೋತ್ಸವದಲ್ಲಿ ನಮ್ಮ ರಂಗನಾಟಕ ಇರಲಿ, ಅರ್ಧ ಗಂಟೆಯಾದರೂ ಸರಿ. ಧ್ವನಿ ನಾಟಕ ಅದರ ಬದಲಿಗೆ ಅಲ್ಲ, ಅದರ ಜೊತೆಗೆ, ವರ್ಷಕ್ಕೆ ಎರಡು. ರಂಗಕ್ಕೆ ಬರಲಾಗದವರಿಗೆ ಅದು ಮೊದಲ ಅವಕಾಶ. ಬರಬಲ್ಲವರನ್ನು ಮಾತ್ರ ಮನೆಯಲ್ಲೇ ಕೂಡಿಸುವ ಉಪಾಯ ಆಗಬಾರದು.

ಕೊನೆಗೆ ಒಂದೆರಡು ವ್ಯಾವಹಾರಿಕ ಮಾತು. ಯಾವ ನಾಟಕವನ್ನು ಬೇಕಾದರೂ ರೆಕಾರ್ಡ್ ಮಾಡಿ ಹಂಚುವಂತಿಲ್ಲ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದು. ಕೈಲಾಸಂ 1946ರಲ್ಲಿ ತೀರಿಕೊಂಡವರು, ಹಾಗಾಗಿ 2007ರಿಂದ ಅವರ ನಾಟಕಗಳು ಎಲ್ಲರ ಸೊತ್ತು. ಬೇಂದ್ರೆ, ಕಾರ್ನಾಡರ ನಾಟಕ ಮಾಡಬೇಕಾದರೆ ಒಪ್ಪಿಗೆ ಪಡೆಯಲೇಬೇಕು. ಪತ್ರ ಬರೆಯುವ ಕೆಲಸ ಈ ತಿಂಗಳೇ ಶುರುವಾಗಲಿ. ಒಂದು ಗಂಟೆಯ ನಾಟಕವನ್ನು ಅರ್ಧ ಗಂಟೆಗೆ ಇಳಿಸುವಾಗಲೂ ಕೇಳಿಯೇ ಮಾಡಬೇಕು.

ಹೆಸರು ಕೊಡಲು ಇಚ್ಛೆ ಇರುವವರು ಇವತ್ತೇ ಕೊಡಿ. ರಂಗಕ್ಕೋ, ಧ್ವನಿಗೋ, ಎರಡಕ್ಕೂನೋ ಎಂದು ಪಕ್ಕದಲ್ಲಿ ಬರೆಯಿರಿ. ಆ ಪಟ್ಟಿಯನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡೋಣ. ಎಷ್ಟು ಜನ ರಂಗ ಹತ್ತಲು ತಯಾರಿದ್ದಾರೆ ಎಂಬ ಲೆಕ್ಕ ಆ ಪಟ್ಟಿಯಲ್ಲೇ ಇರುತ್ತದೆ.